ಗುಡ್ಡ, ಗುಂಡಿ, ಬಳೆ



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಣಿತವನ್ನು ಕುರಿತು ಮಾತನಾಡಲು ಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ಕೇಳುವವರಿಗೆ ಅನ್ನಿಸುವುದು ಸಹಜ. ಆದರೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಈ ಉಸಾಬರಿಗೆ ಹಳೆಯ ಆಧಾರವೇ ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದ. ಲೆಕ್ಕವೂ ಕನ್ನಡದಲ್ಲಿ ಮಾತನಾಡಬಲ್ಲದು ಎಂಬುದನ್ನು ಅವನು ಒಂಬೈನೂರು ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಅಲ್ಲಿಂದೀಚೆಗೆ ಗಣಿತ ಬಹು ದೂರ ನಡೆದಿದೆ. ಹಾಗೆ ದೂರ ನಡೆದ ಒಂದು ವಿಚಾರವನ್ನು ನಂದಿಯ ಕಡೆಯ ಮಣ್ಣು ನೀರುಗಳ ಮಾತಿನಲ್ಲಿ ಹೇಳಬಹುದೇ ಎಂದು ನೋಡುವುದು ಈ ಭಾಷಣದ ಉದ್ದೇಶ.

ವಿಚಾರದ ಹೆಸರು ಕೇಳಿದರೆ ಭಯವಾಗುತ್ತದೆ: ಗೋಳಗಳ ನಡುವಣ, ಸಮಮಿತಿಯನ್ನು ಕಾಪಾಡುವ, ಇಳಿಜಾರಿನಿಂದ ಹುಟ್ಟಿದ ಚಿತ್ರಣಗಳ ವರ್ಗೀಕರಣ. ಈ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಇದರೊಳಗಿನ ಪ್ರಶ್ನೆ ಸರಳವಾದುದು. ಒಂದು ಗುಡ್ಡವನ್ನು, ಕೆಲವು ನಿಯಮಗಳಿಗೆ ಕಟ್ಟುಬಿದ್ದು, ಮೆಲ್ಲಮೆಲ್ಲಗೆ ಗುಂಡಿಯಾಗಿ ಮಾರ್ಪಡಿಸಬಹುದೇ?

ಮೊದಲು ಇಳಿಜಾರಿನ ಮಾತು. ನಂದಿಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,478 ಮೀಟರು ಎತ್ತರದಲ್ಲಿದೆ. ಈ ಬೆಟ್ಟಸಾಲಿನ ನೀರು ಒಂದೇ ದಾರಿ ಹಿಡಿಯುವುದಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಹರಿದು, ಆಂಧ್ರವನ್ನು ಹೊಕ್ಕು, ನೆಲ್ಲೂರಿನ ಆಚೆ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಒಂದೇ ಮಳೆಯ ಎರಡು ಹನಿಗಳು ಏಣಿನ ಆಚೆಗೊಂದು ಈಚೆಗೊಂದು ಬಿದ್ದರೆ ಅವುಗಳ ನಡುವೆ ನೂರಾರು ಮೈಲಿಯ ಅಗಲಿಕೆ. ಆ ಹನಿಗಳಿಗೆ ದಾರಿ ಹೇಳಿದವರು ಯಾರು? ಅವು ಬಿದ್ದ ನೆಲದ ಇಳಿಜಾರು.

ನೆಲದ ಪ್ರತಿಯೊಂದು ಬಿಂದುವಿನಲ್ಲಿಯೂ, ನೀರು ಯಾವ ಕಡೆಗೆ ಓಡುತ್ತದೆಯೋ ಆ ಕಡೆಗೆ ಒಂದು ಬಾಣವನ್ನು ಬರೆಯಿರಿ. ಇಳಿಜಾರು ಕಡಿದಾದರೆ ಬಾಣ ಉದ್ದ, ಸಪಾಟಾದರೆ ಗಿಡ್ಡ, ಪೂರ್ತಿ ಮಟ್ಟಸವಾದ ಜಾಗದಲ್ಲಿ ಬಾಣವೇ ಇಲ್ಲ. ಗುಡ್ಡದ ನೆತ್ತಿಯ ಸುತ್ತ ಬಾಣಗಳೆಲ್ಲ ಹೊರಮುಖ. ಗುಂಡಿಯ ಸುತ್ತ ಎಲ್ಲವೂ ಒಳಮುಖ. ಎರಡು ಗುಡ್ಡಗಳ ನಡುವಣ ಕಣಿವೆಬಾಯಲ್ಲಿ, ಎಂದರೆ ಈ ಕಡೆಯಿಂದ ಆ ಕಡೆಗೆ ದಾಟುವ ದಾರಿಯ ಎತ್ತರದ ಜಾಗದಲ್ಲಿ, ಎರಡು ಕಡೆಯ ಬಾಣಗಳು ಒಳಕ್ಕೆ ಬರುತ್ತವೆ, ಮತ್ತೆರಡು ಕಡೆಯವು ಹೊರಕ್ಕೆ ಹೋಗುತ್ತವೆ.

ಎಲ್ಲ ಬಾಣಗಳ ಗುಂಪೂ ಇಳಿಜಾರಿನದಾಗಿರಲು ಸಾಧ್ಯವಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಮಡುವಿನ ಸುಳಿಯನ್ನು ನೆನೆಯಿರಿ. ಅಲ್ಲಿ ಬಾಣಗಳು ಒಂದರ ಬೆನ್ನ ಹಿಂದೆ ಒಂದು ವೃತ್ತಾಕಾರವಾಗಿ ಸುತ್ತುತ್ತವೆ. ಇಳಿಯುತ್ತಲೇ ಹೋಗಿ ಹೊರಟ ಜಾಗಕ್ಕೇ ಬಂದು ಸೇರುವ ನೆಲ ಯಾವ ಊರಿನಲ್ಲಿಯೂ ಇಲ್ಲ. ಇಳಿದಷ್ಟನ್ನು ಎಲ್ಲಿಯಾದರೂ ಏರಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಗಳ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತರುತ್ತಿದ್ದಾರೆ. ಆ ನೀರು ತಾನಾಗಿ ಏರಿ ಬರಲಿಲ್ಲ. ಪಂಪು ಬೇಕಾಯಿತು, ವಿದ್ಯುತ್ತು ಬೇಕಾಯಿತು. ಆದ್ದರಿಂದ ಸುಳಿ ಬಾಣಗಳ ಗುಂಪು ಹೌದು, ಇಳಿಜಾರು ಅಲ್ಲ.

ಇನ್ನು ಎಣಿಕೆ. ಒಂದು ದುಂಡನೆಯ ಬಯಲನ್ನು ಕಲ್ಪಿಸಿಕೊಳ್ಳಿ. ಅದರ ಅಂಚಿನ ಮೇಲೆ ಪ್ರದಕ್ಷಿಣೆ ಬನ್ನಿ. ಹೆಜ್ಜೆಹೆಜ್ಜೆಗೂ ಕಾಲ ಕೆಳಗಿನ ಬಾಣ ಯಾವ ದಿಕ್ಕಿಗಿದೆ ಎಂದು ನೋಡುತ್ತ ಹೋಗಿ. ನೀವು ಒಂದು ಸುತ್ತು ಮುಗಿಸುವಷ್ಟರಲ್ಲಿ ಬಾಣ ಎಷ್ಟು ಸುತ್ತು ತಿರುಗಿತು? ನಡುವೆ ಗುಡ್ಡವಿದ್ದರೆ ಬಾಣ ಪೂರ್ವದಲ್ಲಿ ಪೂರ್ವಕ್ಕೆ, ಉತ್ತರದಲ್ಲಿ ಉತ್ತರಕ್ಕೆ ಹೀಗೆ ನಿಮ್ಮೊಡನೆಯೇ ತಿರುಗಿ ಒಂದು ಸುತ್ತು ಮುಗಿಸುತ್ತದೆ. ನಡುವೆ ಗುಂಡಿಯಿದ್ದರೂ ಒಂದೇ ಸುತ್ತು: ಬಾಣ ನಿಮ್ಮ ಎದುರುದಿಕ್ಕನ್ನು ತೋರುತ್ತಿದ್ದರೂ ತಿರುಗುವುದು ನಿಮ್ಮ ಜೊತೆಯಲ್ಲಿಯೇ. ಸುಳಿಯಿದ್ದರೂ ಒಂದೇ. ಕಣಿವೆಬಾಯಿಯಲ್ಲಿ ಮಾತ್ರ ಬಾಣ ಹಿಮ್ಮುಖವಾಗಿ ಒಂದು ಸುತ್ತು ತಿರುಗುತ್ತದೆ. ಅದಕ್ಕೆ ಋಣ ಒಂದು.

ಈ ಎಣಿಕೆಗೆ ದೊಡ್ಡ ವಂಶಾವಳಿಯಿದೆ. ಇಂಗ್ಲೆಂಡಿನ ಕೇಲಿ 1859ರಲ್ಲಿ ಸಮೋನ್ನತಿ ರೇಖೆಗಳನ್ನೂ ಇಳಿಜಾರಿನ ರೇಖೆಗಳನ್ನೂ ಕುರಿತು ಬರೆದ. ವಿದ್ಯುತ್ ಕಾಂತಗಳ ಸಿದ್ಧಾಂತದಿಂದ ಹೆಸರಾದ ಮ್ಯಾಕ್ಸ್‌ವೆಲ್ 1870ರಲ್ಲಿ ಬೆಟ್ಟಗಳೂ ಕಣಿವೆಗಳೂ ಎಂಬ ವಿಷಯವಾಗಿಯೇ ಒಂದು ಪ್ರಬಂಧ ಬರೆದ. ಭೂಗೋಳದ ನೆತ್ತಿಗಳನ್ನೂ ಗುಂಡಿಗಳನ್ನೂ ಕೂಡಿ, ಕಣಿವೆಬಾಯಿಗಳನ್ನು ಕಳೆದರೆ ಉಳಿಯುವುದು ಯಾವಾಗಲೂ ಎರಡು. ಹಿಮಾಲಯವನ್ನು ಕಿತ್ತಿಟ್ಟರೂ ಎರಡೇ, ನಂದಿಯ ಪಕ್ಕದಲ್ಲಿ ಇನ್ನೊಂದು ಬೆಟ್ಟವನ್ನು ನಿಲ್ಲಿಸಿದರೂ ಎರಡೇ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಾಲೆಂಡಿನ ಬ್ರೌವರ್ ಈ ಸುತ್ತಿನ ಎಣಿಕೆಯನ್ನು ಯಾವ ಆಯಾಮಕ್ಕೂ ಸಲ್ಲುವಂತೆ ಕಟ್ಟಿದ. ಬಯಲಿನ ಅಂಚು ಒಂದು ವೃತ್ತ. ಬಾಣ ತೋರುವ ದಿಕ್ಕುಗಳೆಲ್ಲ ಸೇರಿ ಇನ್ನೊಂದು ವೃತ್ತ. ಅಂಚಿನ ಪ್ರತಿ ಬಿಂದುವಿಗೂ ಒಂದು ದಿಕ್ಕು. ಇದೇ ಒಂದು ವೃತ್ತದಿಂದ ಇನ್ನೊಂದಕ್ಕೆ ಚಿತ್ರಣ. ಆಯಾಮ ಹೆಚ್ಚಿದರೆ ವೃತ್ತದ ಬದಲಿಗೆ ಗೋಳ.

ಒಂದು ಚಿತ್ರಣವನ್ನು ಹರಿಯದೆ, ಮುರಿಯದೆ, ಹಸಿಮಣ್ಣನ್ನು ತಿದ್ದುವಂತೆ ಮೆಲ್ಲಮೆಲ್ಲಗೆ ಇನ್ನೊಂದಾಗಿಸಬಹುದಾದರೆ ಅವೆರಡೂ ಒಂದೇ ವರ್ಗದವು ಎಂದು ಗಣಿತಜ್ಞರು ಹೇಳುತ್ತಾರೆ. ಪಾಲಿಸಬೇಕಾದ ನಿಯಮ ಒಂದೇ: ತಿದ್ದುವ ಯಾವ ಕ್ಷಣದಲ್ಲಿಯೂ ಅಂಚಿನ ಯಾವ ಜಾಗವೂ ಮಟ್ಟಸವಾಗಕೂಡದು. ಅಲ್ಲಿ ಬಾಣ ಅಳಿದುಹೋದರೆ ದಿಕ್ಕೇ ಇಲ್ಲದೆ ಎಣಿಕೆ ನಿಂತುಹೋಗುತ್ತದೆ. ಬಯಲಿನ ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ. ಅಂಚನ್ನು ಮಾತ್ರ ಕಾಪಾಡಿ. 1920ರ ದಶಕದಲ್ಲಿ ಹಾಪ್ಫ್ ತೋರಿಸಿದ್ದೇನೆಂದರೆ, ಸಮಾನ ಆಯಾಮದ ಗೋಳಗಳ ನಡುವೆ ಈ ಒಂದು ಸಂಖ್ಯೆಯೇ ಸರ್ವಸ್ವ. ಸಂಖ್ಯೆ ಒಂದಾದರೆ ವರ್ಗವೂ ಒಂದು. ಬೇರೆ ಗುರುತು ಬೇಕಿಲ್ಲ.

ಹಾಗಾದರೆ ಗುಡ್ಡ, ಗುಂಡಿ, ಸುಳಿ, ಈ ಮೂರೂ ಒಂದೇ ವರ್ಗ! ಇದು ಹೇಗೆಂದು ಕಣ್ಣಿಗೆ ಕಟ್ಟುವಂತೆ ತೋರಿಸಬಹುದು. ಗುಡ್ಡದ ಹೊರಮುಖ ಬಾಣಗಳನ್ನೆಲ್ಲ ಏಕಕಾಲದಲ್ಲಿ ಎಡಕ್ಕೆ ತಿರುಗಿಸುತ್ತ ಬನ್ನಿ. ಕಾಲು ಸುತ್ತಾದಾಗ ಅವು ಸುಳಿಯಾಗುತ್ತವೆ. ಅರೆಸುತ್ತಾದಾಗ ಎಲ್ಲವೂ ಒಳಮುಖ, ಗುಂಡಿಯಾಯಿತು. ನಡುವೆ ಯಾವ ಬಾಣವೂ ಅಳಿಯಲಿಲ್ಲ.

ಈ ಮಾತನ್ನು ನನಗೆ ತಿಳಿಯಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಕನ್ನಡ ತರಗತಿಯಲ್ಲಿ ಕೂತವನು ಮುಂದೆ ಗಣಿತದ ಅಧ್ಯಾಪಕನಾದ. "ನಡುವೆ ಸುಳಿ ಬಂತಲ್ಲಪ್ಪ, ಅದು ಇಳಿಜಾರಲ್ಲ ಎಂದು ನೀನೇ ಹೇಳಿದೆ" ಎಂದೆ. "ಅದೇ ಸಾರ್ ಮುಂದಿನ ಪ್ರಶ್ನೆ" ಎಂದ. ನಿಯಮವನ್ನು ಬಿಗಿಮಾಡೋಣ: ತಿದ್ದುವಾಗಿನ ಪ್ರತಿ ಹಂತದಲ್ಲಿಯೂ ಬಾಣಗಳು ನಿಜವಾದ ನೆಲದ ಇಳಿಜಾರಿನಿಂದಲೇ ಬಂದಿರಬೇಕು. ಈಗ ಸುಳಿಯ ದಾರಿ ಮುಚ್ಚಿತು. ಗುಡ್ಡ ಗುಂಡಿಯಾದೀತೇ?

ಆದೀತು. ಪೋಲೆಂಡಿನ ಪರುಸಿಂಸ್ಕಿ 1990ರಲ್ಲಿ ಇದನ್ನು ಸಾಧಿಸಿ ತೋರಿಸಿದ: ಇಳಿಜಾರಿನ ನಿಯಮವೊಂದನ್ನೇ ಸೇರಿಸಿದರೆ ವರ್ಗಗಳು ಹೆಚ್ಚುವುದಿಲ್ಲ, ಹಳೆಯ ಸಂಖ್ಯೆಯೇ ಸಾಕು. ನಮ್ಮ ದುಂಡು ಬಯಲಿನಲ್ಲಿ ಇದರ ಗುಟ್ಟು ಮಣ್ಣಿನ ಕೆಲಸ ಬಲ್ಲವರಿಗೆ ಅರ್ಥವಾಗುವಂಥದು. ಎಲ್ಲ ಕಡೆಯೂ ಒಟ್ಟಿಗೆ ಕೈಹಚ್ಚಬೇಡಿ. ಮೊದಲು ಅಂಚಿನ ಪೂರ್ವಭಾಗದಲ್ಲಿ ಇಳಿಜಾರನ್ನು ಹೊರಮುಖದಿಂದ ಒಳಮುಖಕ್ಕೆ ತಿರುಗಿಸಿ; ಪಶ್ಚಿಮಭಾಗ ಹಾಗೆಯೇ ಇರಲಿ. ತಿರುಗಿದ ಭಾಗವೂ ತಿರುಗದ ಭಾಗವೂ ಕೂಡುವ ಎರಡು ಸಂದುಗಳಲ್ಲಿ ನೆಲವನ್ನು ಒಳಕ್ಕೂ ಅಲ್ಲ, ಹೊರಕ್ಕೂ ಅಲ್ಲ, ಅಂಚಿನ ಉದ್ದಕ್ಕೆ ಓರೆಯಾಗಿಡಿ. ಎರಡು ಸಂದುಗಳ ಓರೆಯೂ ಪ್ರದಕ್ಷಿಣೆಯ ಒಂದೇ ಕಡೆಗಿರಬೇಕು. ಅಲ್ಲಿ ಇಳಿದಷ್ಟನ್ನು ಮಿಕ್ಕ ಅಂಚಿನಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ ಸರಿದೂಗಿಸಿದರೆ, ಸುತ್ತು ಬಂದಾಗ ನೆಲ ಹೊರಟ ಎತ್ತರಕ್ಕೇ ಕೂಡಿಕೊಳ್ಳುತ್ತದೆ. ಆಮೇಲೆ ಸಂದುಗಳನ್ನು ಪಶ್ಚಿಮದ ಕಡೆಗೆ ಸರಿಸುತ್ತ ಬಂದರೆ ಕೊನೆಗೆ ಎರಡೂ ಕೂಡಿ ಅಳಿಯುತ್ತವೆ. ಗುಡ್ಡದ ಅಂಚು ಗುಂಡಿಯ ಅಂಚಾಗಿರುತ್ತದೆ. ಯಾವ ಗಳಿಗೆಯಲ್ಲಿಯೂ ಅಂಚು ಎಲ್ಲಿಯೂ ಮಟ್ಟಸವಾಗಿರುವುದಿಲ್ಲ.

ಇನ್ನು ಸಮಮಿತಿ. ತಿರುಗಿಸಿದರೂ ಹಾಗೆಯೇ ಕಾಣುವುದು ಸಮಮಿತಿ. ಕುಂಬಾರನ ತಿಗರಿಯ ಮೇಲಿನ ಮಣ್ಣಿನ ಮುದ್ದೆಯನ್ನು ಎಷ್ಟು ತಿರುಗಿಸಿದರೂ ಅದೇ ಆಕಾರ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಚರಿತ್ರೆ ಒಂಬತ್ತನೆಯ ಶತಮಾನದ ಆರಂಭದವರೆಗೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಯ ಕಲ್ಯಾಣಿಯ ಮೆಟ್ಟಿಲುಗಳಲ್ಲಿ ಇರುವುದು ಬೇರೆ ಬಗೆಯ ಸಮಮಿತಿ: ಕಾಲು ಸುತ್ತು ತಿರುಗಿದರೆ ಮತ್ತೆ ಮೆಟ್ಟಿಲುಗಳದೇ ನೋಟ, ಅರ್ಧಂಬರ್ಧ ತಿರುಗಿದರೆ ಮೂಲೆ ಎದುರಾಗುತ್ತದೆ. ಈಗ ನಿಯಮ ಹೀಗಿರಲಿ: ಇಳಿಜಾರು ಬೇಕಿಲ್ಲ, ಆದರೆ ತಿದ್ದುವ ಪ್ರತಿ ಹಂತದಲ್ಲಿಯೂ ತಿಗರಿಯ ದುಂಡು ಸಮಮಿತಿ ಉಳಿಯಬೇಕು. ಆಗ ಗುಡ್ಡ ಗುಂಡಿಯಾದೀತೇ? ಆಗಲೂ ಆದೀತು. ಸುಳಿಯ ದಾರಿ ಇದ್ದೇ ಇದೆ. ಸುಳಿಯಷ್ಟು ದುಂಡಾದುದು ಇನ್ನಾವುದು?

ಹೀಗೆ ಇಳಿಜಾರಿನ ನಿಯಮ ಒಂದೇ ಇದ್ದರೆ ದಾರಿಯುಂಟು. ಸಮಮಿತಿಯ ನಿಯಮ ಒಂದೇ ಇದ್ದರೂ ದಾರಿಯುಂಟು. ಎರಡೂ ಕೂಡಿದರೆ?

ಎರಡೂ ಕೂಡಿದರೆ ದಾರಿಯಿಲ್ಲ. ಕಾರಣ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ನೆಲ ತಿಗರಿಯ ಮಣ್ಣಿನಂತೆ ದುಂಡಾಗಿದ್ದರೆ ಅಂಚು ಪೂರ್ತಿ ಒಂದೇ ಎತ್ತರ. ಆದ್ದರಿಂದ ಅಂಚಿನ ಉದ್ದಕ್ಕೆ ಓರೆಯೆಂಬುದೇ ಇಲ್ಲ. ಬಾಣ ಒಂದೋ ಹೊರಕ್ಕೆ, ಇಲ್ಲವೇ ಒಳಕ್ಕೆ. ಪೂರ್ವದಲ್ಲಿ ಮೊದಲು, ಪಶ್ಚಿಮದಲ್ಲಿ ಆಮೇಲೆ ಎನ್ನುವಂತಿಲ್ಲ. ತಿರುಗಿದರೆ ಎಲ್ಲ ಕಡೆಯೂ ಒಟ್ಟಿಗೆ ತಿರುಗಬೇಕು. ಹೊರಮುಖವಾದುದು ಒಳಮುಖವಾಗುವ ನಡುವೆ ಒಂದು ಕ್ಷಣ ಇಡೀ ಅಂಚು ಮಟ್ಟಸವಾಗಲೇಬೇಕು. ಅದು ನಿಷಿದ್ಧ. ಅಲ್ಲಿಗೆ ಗುಡ್ಡವೂ ಗುಂಡಿಯೂ ಬೇರೆಬೇರೆ ವರ್ಗಗಳಾದವು. ಕಾಲು ಸುತ್ತಿಗೆ ಒಮ್ಮೆ ಮಾತ್ರ ಹೊಂದಿಕೊಂಡರೆ ಸಾಕೆಂಬ ಸಡಿಲ ಸಮಮಿತಿಯಿದ್ದರೆ, ಒಂದು ಪಾಲಿನಲ್ಲಿ ಮಾಡಿದ ಸಂದಿನ ಕೆಲಸವನ್ನು ನಾಲ್ಕು ಪಾಲಿನಲ್ಲಿಯೂ ಮಾಡಿ ಪಾರಾಗಬಹುದು. ತಡೆಯುವುದು ಸಂದೇ ಇಲ್ಲದ ದುಂಡುತನ.

ಈ ಸಂಗತಿಯನ್ನು ಮೊದಲು ಎತ್ತಿ ಹಿಡಿದವನು ಆಸ್ಟ್ರೇಲಿಯದ ಗಣಿತಜ್ಞ ಡ್ಯಾನ್ಸರ್. 1985ರಲ್ಲಿ ವೃತ್ತಸಮಮಿತಿಯುಳ್ಳ ಇಳಿಜಾರುಗಳಿಗೆ ಒಂದು ಹೊಸ ಎಣಿಕೆಯನ್ನು ಅವನು ಮುಂದಿಟ್ಟ. ಆ ಎಣಿಕೆ ಏನನ್ನು ಕಾಣುತ್ತದೆ? ಗುಡ್ಡದ ಅಂಚನ್ನು ಮುಟ್ಟದೆ, ನೆತ್ತಿಯ ಮೇಲೆ ಮಾತ್ರ ದುಂಡಗೆ ಒಂದು ಗುಂಡಿ ತೋಡಿ. ಈಗ ನಡುವೆ ಒಂದು ಗುಂಡಿ, ಅದರ ಸುತ್ತ ಬಳೆಯಂತೆ ಒಂದು ಏರಿ. ಅಂಚು ಬದಲಾಗದ ಕಾರಣ ವರ್ಗವೂ ಬದಲಾಗಿಲ್ಲ. ಎಂದರೆ ಗುಡ್ಡ ಸಮ ಗುಂಡಿ ಕೂಡು ಬಳೆ. ವ್ಯತ್ಯಾಸವೆಲ್ಲ ಆ ಬಳೆಯಲ್ಲಿದೆ.

ಹಳೆಯ ಎಣಿಕೆಗೆ ಬಳೆ ಏಕೆ ಕಾಣಲಿಲ್ಲ? ಬಳೆಯಂಥ ಏರಿಯನ್ನು ಒಂದಿಷ್ಟು ಏರುಪೇರು ಮಾಡಿದರೆ ಅದು ನೆತ್ತಿ, ಕಣಿವೆಬಾಯಿ, ನೆತ್ತಿ, ಕಣಿವೆಬಾಯಿ ಎಂದು ಒಡೆಯುತ್ತದೆ. ಎರಡೂ ಸಮಸಂಖ್ಯೆಯಲ್ಲಿರುವುದರಿಂದ ಧನ ಋಣಗಳು ಕಳೆದು ಸೊನ್ನೆ. ಹಳೆಯ ಖಾತೆಯಲ್ಲಿ ಬಳೆಗೆ ಬೆಲೆಯೇ ಇಲ್ಲ. ಆದರೆ ಸಮಮಿತಿಯ ಕಟ್ಟಿದ್ದಾಗ ಬಳೆಯನ್ನು ಒಡೆಯುವಂತಿಲ್ಲ. ಅದು ಇಡಿಯಾಗಿಯೇ ಇರಬೇಕು. ಆದ್ದರಿಂದ ಹೊಸ ಖಾತೆಗೆ ಎರಡು ಕಲಮು: ತಿರುಗಿಸಿದರೂ ಜಾಗ ಬಿಡದ ನಡುಬಿಂದುವಿಗೆ ಒಂದು, ಬಳೆಗಳಿಗೆ ಇನ್ನೊಂದು. ಗುಂಡಿಯ ಲೆಕ್ಕ: ಬಿಂದು ಒಂದು, ಬಳೆ ಸೊನ್ನೆ. ಗುಡ್ಡದ ಲೆಕ್ಕ: ಬಿಂದು ಒಂದು, ಬಳೆ ಒಂದು. ತಾಳೆ ನೋಡಬೇಕೆಂದರೆ ಗುಂಡಿಯ ತಳದಲ್ಲಿ ದುಂಡನೆಯ ದಿಬ್ಬವೊಂದನ್ನು ಎಬ್ಬಿಸಿ. ಗುಂಡಿಯೀಗ ಗುಡ್ಡ ಮತ್ತು ಅದರ ಸುತ್ತಣ ಕಾಲುವೆಯ ಬಳೆ. ಕಾಲುವೆಬಳೆಗೆ ಋಣ ಒಂದೆಂದು ಹಿಡಿದರೆ ಲೆಕ್ಕ ಸರಿಯಾಗಿ ಮತ್ತೆ ಸೊನ್ನೆಗೆ ಬರುತ್ತದೆ.

ಇದು ಬರಿಯ ಆಟವಲ್ಲ. ಗ್ರಹ ಸೂರ್ಯನನ್ನು ಸುತ್ತುತ್ತದೆ, ಲೋಲಕ ತೂಗುತ್ತದೆ. ಇಂಥ ಮರುಕಳಿಸುವ ಚಲನೆಗಳಿಗೆ ಆರಂಭದ ಕ್ಷಣ ಎಂಬುದಿಲ್ಲ, ಎಲ್ಲಿಂದ ಎಣಿಸಿದರೂ ಅದೇ ಚಲನೆ. ಕಾಲವೇ ಇಲ್ಲಿ ವೃತ್ತದಂತೆ ತಿರುಗುತ್ತದೆ, ಇದು ಸಮಮಿತಿ. ಇತ್ತ ಯಂತ್ರಶಾಸ್ತ್ರದ ಮೂಲತತ್ತ್ವ, ಇಂಥ ಚಲನೆಗಳು ಒಂದು ಅಮೂರ್ತ ಭೂಪ್ರದೇಶದ ಮಟ್ಟಸ ಜಾಗಗಳು ಎನ್ನುತ್ತದೆ, ಇದು ಇಳಿಜಾರು. ಎರಡು ನಿಯಮಗಳೂ ಪ್ರಕೃತಿಯಲ್ಲಿ ತಾವಾಗಿಯೇ ಜೊತೆಗೂಡುತ್ತವೆ. ಆ ಭೂಪ್ರದೇಶದಲ್ಲಿ ನಿಶ್ಚಲಸ್ಥಿತಿ ಒಂದು ಬಿಂದುವಾದರೆ, ಮರುಕಳಿಸುವ ಚಲನೆ ಒಂದು ಬಳೆ. ಹಳೆಯ ಖಾತೆ ಸೊನ್ನೆ ಬರೆದದ್ದು ಅದಕ್ಕೆ! ಹೊಸ ಖಾತೆ ಅದರ ಇರವನ್ನು ಸಾರುತ್ತದೆ. 1997ರಲ್ಲಿ ಪೋಲೆಂಡಿನ ಗೆಂಬ ಈ ಎಣಿಕೆಯನ್ನು ಇತರ ಸಮಮಿತಿಗಳಿಗೂ ವಿಸ್ತರಿಸಿದ. 2005ರಲ್ಲಿ ಡ್ಯಾನ್ಸರ್, ಗೆಂಬ ಮತ್ತು ರಿಬಿಟ್ಸ್ಕಿ ಮೂವರೂ ಕೂಡಿ ಇಂಥ ಇಳಿಜಾರುಗಳ ವರ್ಗಗಳನ್ನು ವಿಂಗಡಿಸಿದ ಪ್ರಬಂಧ, 1920ರಲ್ಲಿ ವಾರ್ಸಾದಲ್ಲಿ ಆರಂಭವಾದ 'ಫಂಡಮೆಂಟಾ ಮ್ಯಾಥೆಮ್ಯಾಟಿಕೆ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಛಂದಸ್ಸನ್ನು ಪಾಠ ಹೇಳಿದವನಿಗೆ ಇದರಲ್ಲಿ ಪರಿಚಿತವಾದುದೊಂದು ಕಾಣುತ್ತದೆ. ಮಾತ್ರೆಯ ಎಣಿಕೆ ಒಂದೇ ಇದ್ದರೆ ಕವಿಗೆ ಒಂದು ಪದದ ಬದಲು ಇನ್ನೊಂದನ್ನು ಇಡುವ ಸ್ವಾತಂತ್ರ್ಯವುಂಟು. ಆದಿಪ್ರಾಸ ಒಂದೇ ಇದ್ದರೂ ಉಂಟು. ಎರಡೂ ಕೂಡಿದಾಗ ಕೆಲವು ಪದಗಳು ಕದಲಿಸಲಾಗದಂತೆ ನಿಂತುಬಿಡುತ್ತವೆ. ನಿಯಮ ಸ್ವಾತಂತ್ರ್ಯವನ್ನು ಕಡಿಮೆ ಮಾಡುತ್ತದೆ ಎಂಬುದು ಅರ್ಧ ಮಾತು. ನಿಯಮಗಳು ಕೂಡಿದಲ್ಲಿ, ಮೊದಲು ಒಂದೇ ಎಂದು ತೋರಿದ ಎರಡು ವಸ್ತುಗಳ ಅಂತರ ಬೆಳಕಿಗೆ ಬರುತ್ತದೆ ಎಂಬುದು ಉಳಿದರ್ಧ.

ನಮ್ಮ ಜಿಲ್ಲೆಯಲ್ಲಿ ಗುಡ್ಡ ಗುಂಡಿಯಾಗುವುದು ಕೇವಲ ದೃಷ್ಟಾಂತವಲ್ಲ ಎಂಬುದನ್ನು ಶ್ರೋತೃಗಳು ಬಲ್ಲಿರಿ. ಕಲ್ಲುಗಣಿಗಳಲ್ಲಿ ಅದು ದಿನನಿತ್ಯದ ಕೆಲಸ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮಡಿದರು. ಗಣಿತದ ಪ್ರಮೇಯ ಗಣಿಯ ನ್ಯಾಯವನ್ನು ತೀರ್ಮಾನಿಸಲಾರದು. ಹಾಗೆ ಹೇಳಿದರೆ ಎರಡಕ್ಕೂ ಅಪಚಾರ. ಆದರೆ ಎಣಿಕೆಯನ್ನು ಕುರಿತು ಅದು ಒಂದು ವಿವೇಕವನ್ನು ಕಲಿಸುತ್ತದೆ. ಕಡಿದ ಕಲ್ಲು ಇಷ್ಟು ಲೋಡು, ಬಂದ ರಾಜಧನ ಇಷ್ಟು ರೂಪಾಯಿ ಎಂಬ ಖಾತೆ ತಪ್ಪಾಗಿರಬೇಕಾಗಿಲ್ಲ. ಅದರ ಕಲಮುಗಳು ಸಾಲದಿರಬಹುದು. ಗುಡ್ಡದಿಂದ ನೀರು ಹೊರಕ್ಕೆ ಹೊರಟು ಕಾಲುವೆ, ಕೆರೆ, ಹೊಳೆಯಾಗುತ್ತದೆ. ಗುಂಡಿಗೆ ಬಂದ ನೀರು ಅಲ್ಲಿಯೇ ನಿಲ್ಲುತ್ತದೆ. ಎರಡಕ್ಕೂ ಒಂದೇ ಅಂಕಿ ಬರೆಯುವ ಖಾತೆ ಯಾವುದನ್ನು ಸೊನ್ನೆ ಮಾಡಿ ಅಲ್ಲಿಗೆ ಬಂತು ಎಂದು ಕೇಳುವ ಹಕ್ಕು ನಮ್ಮದು.

ಹಾಪ್ಫನ ಸಂಖ್ಯೆ ಸುಳ್ಳಾಗಲಿಲ್ಲ. ಇಂದಿಗೂ ಅದು ತನ್ನ ಎಲ್ಲೆಯಲ್ಲಿ ನಿಜವೇ. ಇನ್ನೊಂದು ಪ್ರಶ್ನೆ ಎದುರಾದಾಗ ಇನ್ನೊಂದು ಕಲಮು ಬೇಕಾಯಿತು, ಅಷ್ಟೆ. ವಿದ್ಯೆ ಬೆಳೆಯುವುದು ಬಹುಮಟ್ಟಿಗೆ ಹೀಗೆಯೇ: ಹಳೆಯ ಪುಟವನ್ನು ಹರಿದೆಸೆದಲ್ಲ, ಅದರ ಮಗ್ಗುಲಲ್ಲಿ ಇನ್ನೊಂದು ಗೆರೆ ಎಳೆದು. ರಾಜಾದಿತ್ಯನ ಭಾಷೆಯಲ್ಲಿ ಆ ಗೆರೆಯನ್ನು ಎಳೆಯುವುದು ಸಾಧ್ಯವೆಂದು ತಮಗೆ ಇಷ್ಟು ಹೊತ್ತಿನಲ್ಲಿ ಅನ್ನಿಸಿದ್ದರೆ ನನ್ನ ಮಾತು ಸಾರ್ಥಕ.